ಬಫಲೋ ನಿಕಲ್: ಅಳಿಸಿದ ಇಸವಿ, ಸವೆದ ಕೊಂಬು, ಮೂರು ಕಾಲಿನ ಕೋಣ

ಮುಂಬದಿಯಲ್ಲಿ ಅಮೆರಿಕದ ಮೂಲನಿವಾಸಿಯ ಮುಖ, ಹಿಂಬದಿಯಲ್ಲಿ ಕೋಣ ಇರುವ ಅಮೆರಿಕದ ಹಳೆಯ ಐದು ಸೆಂಟ್ ನಾಣ್ಯದ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಮಗಳು ಹನ್ನೆರಡು ಬಫಲೋ ನಿಕಲ್ ತಂದುಕೊಟ್ಟಿದ್ದಾಳೆ. ಐದರಲ್ಲಿ ಇಸವಿಯೇ ಕಾಣುವುದಿಲ್ಲ. ಅವು ದಂಡವೇ? ಇಸವಿ ಮಾತ್ರ ಯಾಕೆ ಹೀಗೆ ಅಳಿಸಿಹೋಗಿದೆ?
— ಓದುಗರು, ಶಿವಮೊಗ್ಗ

ಉತ್ತರ: ತಪ್ಪು ವಿನ್ಯಾಸದ್ದು. ಶಿಲ್ಪಿ ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ ಈ ನಾಣ್ಯ 1913ರಿಂದ 1938ರವರೆಗೆ ಅಚ್ಚಾಯಿತು. ಮೂಲನಿವಾಸಿಯ ಭುಜದ ಉಬ್ಬಿನ ಮೇಲೆಯೇ ಇಸವಿ ಕೂತಿರುವುದರಿಂದ ಸವೆತ ಮೊದಲು ತಾಗುವುದು ಅದಕ್ಕೇ. ಶುರುವಿನಲ್ಲಿ ‘ಫೈವ್ ಸೆಂಟ್ಸ್’ ಬರಹವೂ ಕೋಣ ನಿಂತ ದಿಬ್ಬದ ಮೇಲಿತ್ತು. ಅದು ಬೇಗ ಸವೆಯುತ್ತದೆಂದು ಅದೇ ವರ್ಷ ದಿಬ್ಬವನ್ನು ತೆಗೆದು, ನೆಲಕ್ಕೊಂದು ನೇರ ಗೆರೆ ಎಳೆದು, ಬರಹವನ್ನು ಗೆರೆಯ ಕೆಳಗಿನ ತಗ್ಗಿಗೆ ಇಳಿಸಿದರು. ಇಸವಿಯನ್ನು ಮಾತ್ರ ಉಬ್ಬಿನ ಮೇಲೆಯೇ ಬಿಟ್ಟರು.

ಇದರಿಂದ ನಿಮಗೊಂದು ಅನುಕೂಲವಿದೆ. ಇಸವಿಯಿಲ್ಲದ ನಾಣ್ಯಗಳ ಹಿಂಬದಿ ನೋಡಿ. ಕೋಣ ದಿಬ್ಬದ ಮೇಲೆ ನಿಂತಿದ್ದರೆ ಅದು 1913ರದ್ದೇ, ಬೇರೆ ವರ್ಷದ್ದಾಗಿರಲು ಸಾಧ್ಯವಿಲ್ಲ. ‘ಫೈವ್ ಸೆಂಟ್ಸ್’ ಕೆಳಗೆ ‘ಡಿ’ ಇದ್ದರೆ ಡೆನ್ವರ್, ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ ಟಂಕಸಾಲೆ.

ಗೆರೆಯಿರುವವುಗಳ ಇಸವಿ ತಿಳಿಯಲು ಫೆರಿಕ್ ಕ್ಲೋರೈಡ್ ಬಳಸುವವರಿದ್ದಾರೆ. ಸರ್ಕ್ಯೂಟ್ ಬೋರ್ಡ್ ತಯಾರಿಸುವವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವ ಅದೇ ದ್ರಾವಣ. ಭುಜದ ಮೇಲೆ ಒಂದೇ ಹನಿ ಬಿಟ್ಟು, ಅಂಕಿ ಮೂಡುತ್ತಿದ್ದಂತೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಅಚ್ಚಿನ ಒತ್ತಡಕ್ಕೆ ಸಿಕ್ಕಿದ ಲೋಹ ಸುತ್ತಲಿನ ಲೋಹಕ್ಕಿಂತ ಬೇರೆ ರೀತಿ ಕರಗುವುದರಿಂದ ಅಂಕಿ ಮತ್ತೆ ಕಾಣುತ್ತದೆ. ಕೈಗವಸು ಬೇಕು, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಆದರೆ ಆ ಜಾಗ ಒರಟಾಗಿ ಬಿಳಿಚಿಕೊಂಡು ಉಳಿಯುತ್ತದೆ, ಸಂಗ್ರಾಹಕರು ಅಂಥದ್ದನ್ನು ಹಾಳಾದ ನಾಣ್ಯವೆಂದೇ ಲೆಕ್ಕ ಹಾಕುತ್ತಾರೆ. ಇಸವಿಯಿಲ್ಲದ ಅಗ್ಗದ ನಾಣ್ಯಕ್ಕೆ ಕುತೂಹಲಕ್ಕಾಗಿ ಮಾಡಬಹುದು. ಅರೆಬರೆ ಅಂಕಿ ಕಾಣುವುದಕ್ಕೆ ಬೇಡವೇ ಬೇಡ.

ಪ್ರಶ್ನೆ: ಪೂರ್ತಿ ಸೆಟ್ ಮಾಡಬೇಕೆಂದಿದೆ. ಎಷ್ಟು ನಾಣ್ಯ ಬೇಕು? ಎಲ್ಲಿಂದ ಶುರು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: 1913ರ ಎರಡೂ ಬಗೆ ಸೇರಿ, ವರ್ಷ ಮತ್ತು ಟಂಕಸಾಲೆಯ ಲೆಕ್ಕದಲ್ಲಿ 64 ನಾಣ್ಯ. ಅಚ್ಚಿನ ದೋಷದವು ಇದರಲ್ಲಿ ಸೇರಿಲ್ಲ. 1922, 1932, 1933ರಲ್ಲಿ ಈ ನಾಣ್ಯ ಅಚ್ಚಾಗಲೇ ಇಲ್ಲ, ಆಲ್ಬಮ್‌ನಲ್ಲಿ ಅವಕ್ಕೆ ಜಾಗ ಹುಡುಕಬೇಡಿ.

1934ರಿಂದ 1938ರ ನಾಣ್ಯಗಳಿಂದ ಶುರು ಮಾಡಿ. ಸವೆದವು ಒಂದೆರಡು ಡಾಲರಿಗೂ ಸಿಗುತ್ತವೆ. 1938ರಲ್ಲಿ ಡೆನ್ವರ್ ಮಾತ್ರ ಅಚ್ಚು ಹಾಕಿತು. ಹೊಳಪು ಹೋಗದ ಒಂದು ನಾಣ್ಯ ಬೇಕೆನ್ನುವವರಿಗೆ ಅದೇ ಸುಲಭ. ಕೈ ಸುಡುವುದು ‘ಎಸ್’ ಗುರುತಿನ ಹಳೆಯ ನಾಣ್ಯಗಳಲ್ಲಿ: 1913ರ ಎರಡನೇ ಬಗೆ, 1921, 1924, 1926. ಇಡೀ ಸರಣಿಯಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಅಚ್ಚಾದದ್ದು 1926ರ ‘ಎಸ್’ ಒಂದೇ, 9,70,000. ಫಿಲಡೆಲ್ಫಿಯಾ ನಾಣ್ಯಕ್ಕೆ ‘ಎಸ್’ ಅಂಟಿಸಿ ಮಾರುವವರೂ ಇದ್ದಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು, ನಾಣ್ಯವನ್ನು ಓರೆಯಾಗಿಸಿ ಅಕ್ಷರದ ಬುಡ ನೋಡಿ. ಅಸಲಿ ಅಕ್ಷರ ನಾಣ್ಯದ ಮೈಯಿಂದಲೇ ಎದ್ದಿರುತ್ತದೆ. ಅಂಟಿಸಿದ್ದಕ್ಕೆ ಸುತ್ತ ಸಣ್ಣ ಸಂದು ಅಥವಾ ಬಣ್ಣದ ವ್ಯತ್ಯಾಸ ಇರುತ್ತದೆ.

ದರ್ಜೆ ತೂಗಲು ಕೋಣದ ಕೊಂಬು ನೋಡಿ. ಸುಮಾರು ಅರ್ಧ ಕೊಂಬಿದ್ದರೆ ‘ವೆರಿ ಗುಡ್’, ತುದಿಯವರೆಗೆ ಪೂರ್ತಿ ಇದ್ದರೆ ‘ವೆರಿ ಫೈನ್’. ಕೊಂಬಿನ ತುದಿ ಇಲ್ಲದ್ದಕ್ಕೆ ‘ವೆರಿ ಫೈನ್’ ಬೆಲೆ ಕೇಳಿದರೆ ಸುಮ್ಮನೆ ವಾಪಸ್ ಕೊಡಿ. ಇಲ್ಲೊಂದು ತಕರಾರಿದೆ: 1926ರ ಡೆನ್ವರ್ ನಾಣ್ಯದಂಥವು ಟಂಕಸಾಲೆಯಿಂದ ಹೊರಬೀಳುವಾಗಲೇ ಮಂಕಾಗಿ ಅಚ್ಚಾಗಿದ್ದವು. ಅವುಗಳಲ್ಲಿ ಕೊಂಬಿಗಿಂತ ಮೈಯ ಹೊಳಪನ್ನು ನಂಬಬೇಕು. ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿದಾಗ ಬೆಳಕು ಉಬ್ಬುಗಳ ಮೇಲೂ ಸುತ್ತಿದರೆ ಅದು ಅಚ್ಚಿನ ಕೊರತೆ, ಉಬ್ಬುಗಳ ಮೇಲೆ ಬೂದು ತೇಪೆಯಂತೆ ನಿಂತರೆ ಸವೆತ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ಮೂರು ಕಾಲಿನ ಕೋಣ’ ಕಡಿಮೆ ಬೆಲೆಗೆ ಬಂದಿದೆ. ಕೊಳ್ಳಬಹುದೇ?
— ಓದುಗರು, ಮೈಸೂರು

ಉತ್ತರ: ‘ಕಡಿಮೆ ಬೆಲೆ’ ಎಂಬಲ್ಲೇ ಅನುಮಾನ ಶುರುವಾಗಬೇಕು. ಹೆಸರುವಾಸಿಯಾದ ಈ ದೋಷ ಇರುವುದು 1937ರ ಡೆನ್ವರ್ ನಾಣ್ಯದಲ್ಲಿ. ‘ಡಿ’ ಇಲ್ಲದಿದ್ದರೆ ಮುಂದೆ ನೋಡುವುದೇ ಬೇಡ. ಅಚ್ಚಿನ ಮೇಲಿದ್ದ ಗುರುತುಗಳನ್ನು ತೆಗೆಯಲು ಅದನ್ನು ಮಿತಿಮೀರಿ ಉಜ್ಜಿದ್ದರಿಂದ ಕೋಣದ ಬಲ ಮುಂಗಾಲು ಮಾಯವಾಯಿತು, ಗೊರಸು ಮಾತ್ರ ಉಳಿಯಿತು. ಅಚ್ಚಿನಲ್ಲಿ ಚಿತ್ರ ತಗ್ಗಾಗಿರುತ್ತದೆ, ಉಜ್ಜಿದಾಗ ಮೊದಲು ಹೋಗುವುದು ಆಳವಿಲ್ಲದ ಭಾಗ.

ನಕಲಿ ಮಾಡುವವರು ಸಾಮಾನ್ಯ 1937ರ ‘ಡಿ’ ನಾಣ್ಯದ ಕಾಲನ್ನು ಕೆರೆದು ತೆಗೆಯುತ್ತಾರೆ. ಅವರಿಗೆ ಆಗದ ಒಂದು ಕೆಲಸವಿದೆ. ಅಸಲಿಯಲ್ಲಿ ಕೋಣದ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಉಬ್ಬು ಚುಕ್ಕೆಗಳ ಸಾಲು ಇಳಿದಿರುತ್ತದೆ. ಕೆರೆದರೆ ಲೋಹ ಕಡಿಮೆಯಾಗುತ್ತದೆಯೇ ಹೊರತು ಉಬ್ಬು ಹುಟ್ಟುವುದಿಲ್ಲ. ಹಿಂಗಾಲೂ ಅಸಲಿಯಲ್ಲಿ ಹುಳ ತಿಂದಂತೆ ಸಣಕಲಾಗಿರುತ್ತದೆ. ಕಾಲಿದ್ದ ಜಾಗದಲ್ಲಿ ಗೀರು, ತಗ್ಗು ಅಥವಾ ಅಲ್ಲಿ ಮಾತ್ರ ಬೇರೆ ಹೊಳಪು ಕಂಡರೆ ನಕಲಿ. ತೂಕ 5 ಗ್ರಾಂ, ವ್ಯಾಸ 21.2 ಮಿಲಿಮೀಟರ್, ಅಂಚು ನುಣುಪು. ಮುಕ್ಕಾಲು ತಾಮ್ರ, ಕಾಲು ಭಾಗ ನಿಕಲ್ ಆದ್ದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ ಅಸಲಿ ನಾಣ್ಯವನ್ನೇ ಕೆರೆದಿದ್ದರೆ ಈ ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ನಾಣ್ಯವನ್ನು ಪರೀಕ್ಷಿಸಿ ಮೊಹರಾದ ಡಬ್ಬಿಯಲ್ಲಿ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಡಬ್ಬಿಯಲ್ಲಿರುವುದನ್ನೇ ಕೊಳ್ಳಿ. ಡಬ್ಬಿಯ ನಂಬರನ್ನು ಅವರ ಜಾಲತಾಣದಲ್ಲಿ ಹಾಕಿ, ಅಲ್ಲಿ ಚಿತ್ರವಿದ್ದರೆ ಗೀರಿಗೆ ಗೀರು ತಾಳೆ ನೋಡಿ.

ಪ್ರಶ್ನೆ: ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಬಹುದೇ? ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ಇಟ್ಟವು ಹಸಿರು ಜಿಡ್ಡಾಗಿವೆ.
— ಓದುಗರು, ಮಂಗಳೂರು

ಉತ್ತರ: ಎರಡೂ ಬೇಡ. ಉಜ್ಜಿದ ನಾಣ್ಯದ ಮೈಮೇಲೆ ಕೂದಲೆಳೆಯ ಗೀರುಗಳು ಬೀಳುತ್ತವೆ, ಬೆಲೆ ಅಲ್ಲೇ ಇಳಿಯುತ್ತದೆ. ಹಸಿರು ಜಿಡ್ಡು ಪಿವಿಸಿ ಹಾಳೆಯದ್ದು. ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಹಾಕಿ ಕೆಲವು ನಿಮಿಷ ಮುಳುಗಿಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ಒರೆಸದೆ ಆರಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಬೇಡ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ, ಅದು ಆಗದು. ಆಮೇಲೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ ಕಿಟಕಿಯ ರಟ್ಟಿನ ಹೋಲ್ಡರ್‌ಗೆ ಹಾಕಿ, ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಪಕ್ಕದ ನಾಣ್ಯವನ್ನು ಅದೇ ಗೀರುತ್ತದೆ. ನಿಮ್ಮೂರಿನ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಬೇಕೇಬೇಕು.

ಪ್ರಶ್ನೆ: ಮೂಲನಿವಾಸಿಯ ಬದಲು ಟೋಪಿ ಹಾಕಿದ ಗಡ್ಡದ ಮನುಷ್ಯನಿರುವ ನಿಕಲ್ ನೋಡಿದೆ. ಖೋಟಾ ನಾಣ್ಯವೇ?
— ಓದುಗರು, ತುಮಕೂರು

ಉತ್ತರ: ಖೋಟಾ ಅಲ್ಲ, ಅಸಲಿ ನಾಣ್ಯವನ್ನೇ ಕೈಯಲ್ಲಿ ಕೆತ್ತಿದ್ದು. ಹೋಬೋ ನಿಕಲ್ ಎಂದು ಕರೆಯುತ್ತಾರೆ. ಈ ನಾಣ್ಯದಲ್ಲಿ ಮುಖ ದೊಡ್ಡದು, ಉಬ್ಬು ಹೆಚ್ಚು, ಹಾಗಾಗಿ ಊರೂರು ಅಲೆಯುತ್ತಿದ್ದ ಕೆಲಸಗಾರರ ಉಳಿಗೆ ಚೆನ್ನಾಗಿ ಒಗ್ಗಿತು. ಬರ್ಟ್ ವೀಗಾಂಡ್ ಎಂಬ ಕೆತ್ತನೆಗಾರ ನಾಣ್ಯದ ಮೇಲಿನ ‘ಲಿಬರ್ಟಿ’ ಪದದ ಬೇಡದ ಅಕ್ಷರಗಳನ್ನು ಅಳಿಸಿ ‘ಬರ್ಟ್’ ಮಾತ್ರ ಉಳಿಸುತ್ತಿದ್ದ, ಅದೇ ಅವನ ಸಹಿ. ಈಗಲೂ ಕೆತ್ತುವವರಿದ್ದಾರೆ. ಹಳೆಯದೆಂದು ಹೇಳಿ ಮಾರಿದರೆ ಕೆತ್ತಿದ ಗೆರೆಗಳ ಅಂಚನ್ನು ಲೂಪ್‌ನಲ್ಲಿ ನೋಡಿ: ನಾಣ್ಯದ ಉಳಿದ ಮೈ ಸವೆದು ಮಬ್ಬಾಗಿದ್ದು, ಗೆರೆಗಳು ಮಾತ್ರ ಚೂಪಾಗಿ ಮಿನುಗುತ್ತಿದ್ದರೆ ಕೆತ್ತನೆ ಇತ್ತೀಚಿನದು.