ಗೋಣಿಗೆ ಮೊದಲು ಹೆಸರು, ಸಾಫ್ಟ್‌ವೇರ್ ಆಮೇಲೆ

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದು ಅಡಿಕೆ, ಕಾಳುಮೆಣಸಿನ ವ್ಯಾಪಾರ. ತಂದೆಯ ಕಾಲದ ಅಂಗಡಿ. ಪುತ್ತೂರಿನಲ್ಲೂ ಒಂದು ಗೋಡೌನ್ ಇದೆ. ಬಿಲ್ಲು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ, ಉಳಿದದ್ದೆಲ್ಲ ಪುಸ್ತಕದಲ್ಲಿ. ಕೆಲವು ಕೃಷಿಕರು ಅಡಿಕೆ ತಂದು ಇಟ್ಟು ಹೋಗುತ್ತಾರೆ, ರೇಟು ಬಂದಾಗ ಹೇಳ್ತೇನೆ ಎನ್ನುತ್ತಾರೆ. ಕಳೆದ ತಿಂಗಳು ಒಬ್ಬರು ಬಂದು ಇಆರ್‌ಪಿ, ಎಸ್‌ಸಿಎಂ, ಸಿಆರ್‌ಎಂ ಮೂರನ್ನೂ ಒಟ್ಟಿಗೆ ಹಾಕಿಸಿ, ಎಲ್ಲ ಒಂದೇ ಸ್ಕ್ರೀನಿನಲ್ಲಿ ಕಾಣುತ್ತದೆ ಎಂದರು. ಮಗನಿಗೆ ಆಸೆ ಇದೆ. ನನಗೆ ಧೈರ್ಯ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಹಾಕಿಸಿ. ಆದರೆ ಮೂರನ್ನೂ ಒಟ್ಟಿಗೆ ಬೇಡ. ಮೊದಲು ಗೋಡೌನ್ ಲೆಕ್ಕ ಮಾತ್ರ.

ಆ ಮೂರು ಹೆಸರು ಕೇಳಿ ಗಾಬರಿ ಆಗಬೇಡಿ. ಇಆರ್‌ಪಿ ಎಂದರೆ ಖರೀದಿ, ದಾಸ್ತಾನು, ಮಾರಾಟ, ಹಣದ ಲೆಕ್ಕ, ಆಳುಗಳ ಸಂಬಳ ಎಲ್ಲ ಒಂದೇ ಕಡೆ ಬರೆಯುವ ವ್ಯವಸ್ಥೆ. ಒಮ್ಮೆ ಬರೆದದ್ದನ್ನು ಇನ್ನೊಂದು ಪುಸ್ತಕಕ್ಕೆ ಮತ್ತೆ ಬರೆಯುವ ಕೆಲಸ ಇಲ್ಲ. ಎಸ್‌ಸಿಎಂ ಎಂದರೆ ತೋಟದಿಂದ ನಿಮ್ಮ ಅಂಗಡಿಗೆ, ಅಲ್ಲಿಂದ ಉತ್ತರ ಭಾರತದ ಖರೀದಿದಾರರಿಗೆ ಸರಕು ಹೋಗುವ ದಾರಿಯ ಲೆಕ್ಕ. ಸಿಆರ್‌ಎಂ ಗಿರಾಕಿಗಳ ನೆನಪು: ಯಾರು, ಏನು ಕೇಳಿದರು, ಮತ್ತೆ ಯಾವಾಗ ಮಾತಾಡಬೇಕು. ಮೂರನೆಯದು ನಿಮ್ಮ ತಲೆಯಲ್ಲೇ ಇದೆ. ಈಗ ಅದಕ್ಕೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಕಷ್ಟ ಇರುವುದು ಅಡಿಕೆಯಲ್ಲೇ. ಸೋಪು, ಸಿಮೆಂಟು ಮಾರುವವರಿಗೆ ಬಂದ ಸರಕೇ ಹೋಗುತ್ತದೆ. ನಿಮ್ಮಲ್ಲಿ ಹಾಗಲ್ಲ. ಒಬ್ಬರು ಹತ್ತು ಗೋಣಿ ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆ, ತಂದು ಸುರಿದರೆ ಗಾರ್ಬಲ್, ಅಂದರೆ ಗುಣ ನೋಡಿ ವಿಂಗಡಣೆ, ಆಗಿ ಅದರಲ್ಲಿ ಒಳ್ಳೆಯದು ಬೇರೆ, ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಒಂದು ಹೆಸರಿನಲ್ಲಿ ಒಳಗೆ ಬಂದದ್ದು ನಾಲ್ಕೈದು ಹೆಸರಿನಲ್ಲಿ ಹೊರಗೆ ಹೋಗುತ್ತದೆ. ನಡುವೆ ಧೂಳು, ಸಿಪ್ಪೆ, ತೇವ ಹೋಗಿ ತೂಕವೂ ಇಳಿಯುತ್ತದೆ. ಇನ್ನೊಂದು ವಿಚಿತ್ರ ಇದೆ. ಹೊಸ ಅಡಿಕೆ ಗೋಡೌನಿನಲ್ಲಿ ಕೂತಲ್ಲೇ ಹಳತಾಗುತ್ತದೆ, ರೇಟೂ ಬದಲಾಗುತ್ತದೆ. ಗೋಣಿ ಒಂದಿಂಚು ಅಲ್ಲಾಡಿಲ್ಲ, ಆದರೆ ಸರಕಿನ ಹೆಸರು ಬೇರೆ!

ಇದನ್ನು ಬರೆಯಲು ಬಾರದ ಸಾಫ್ಟ್‌ವೇರ್ ಎಷ್ಟು ಚಂದ ಕಂಡರೂ ನಿಮಗೆ ಬೇಡ. ಬರೆಯಲು ದಾರಿ ಇದೆ. ನಿಮ್ಮಲ್ಲಿರುವ ಟ್ಯಾಲಿಯಲ್ಲೇ ಸ್ಟಾಕ್ ಜರ್ನಲ್ ಎಂಬುದಿದೆ. ಒಂದು ಸರಕನ್ನು ಕಡಿಮೆ ಮಾಡಿ ಅದೇ ಚೀಟಿಯಲ್ಲಿ ಬೇರೆ ಸರಕುಗಳನ್ನು ಸೇರಿಸಬಹುದು. ಬ್ಯಾಚ್ ನಂಬರ್ ಹಾಕಬಹುದು, ಗೋಡೌನ್ ಬೇರೆ ಬೇರೆ ಇಡಬಹುದು. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್‌ನಲ್ಲಿ ಇದೇ ಕೆಲಸಕ್ಕೆ ರೀಪ್ಯಾಕ್ ಎನ್ನುತ್ತಾರೆ. ಅದು ಓಪನ್ ಸೋರ್ಸ್. ಲೈಸೆನ್ಸಿಗೆ ಹಣ ಇಲ್ಲ. ಆದರೆ ಹಾಕಿಸುವವರಿಗೆ, ಸರ್ವರಿಗೆ, ಕಲಿಸುವವರಿಗೆ ಹಣ ಬೇಕೇ ಬೇಕು. ನನ್ನ ಸಲಹೆ ಕೇಳಿದರೆ, ಹೊಸದು ತರುವ ಮೊದಲು ಟ್ಯಾಲಿಯಲ್ಲಿ ನೀವು ಇನ್ನೂ ತೆರೆಯದ ಈ ಭಾಗಗಳನ್ನು ಎರಡು ತಿಂಗಳು ಬಳಸಿ ನೋಡಿ. ಎಷ್ಟೋ ಅಂಗಡಿಗಳಲ್ಲಿ ಟ್ಯಾಲಿ ಬರೀ ಬಿಲ್ಲು ಹೊಡೆಯುವ ಯಂತ್ರವಾಗಿ ಕೂತಿರುತ್ತದೆ. ಅದು ನೋಡಿದಾಗ ನನಗೆ ಬೇಸರವಾಗುತ್ತದೆ.

ಇನ್ನು ಇಟ್ಟು ಹೋದ ಅಡಿಕೆ. ಇದರ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ರೇಟು ನಿಗದಿಯಾಗುವ ತನಕ ಆ ಗೋಣಿ ನಿಮ್ಮದಲ್ಲ, ಕೃಷಿಕರದು. ಆದರೆ ಗೋಡೌನಿನ ಒಟ್ಟು ತೂಕದಲ್ಲಿ ಅದೂ ಸೇರಿ ಕಾಣುತ್ತದೆ. ಸಾಫ್ಟ್‌ವೇರ್ ಅದನ್ನು ನಿಮ್ಮ ಸ್ವತ್ತು ಎಂದು ತೋರಿಸಿದರೆ ನೀವು ಆ ಭರವಸೆಯಲ್ಲಿ ದೊಡ್ಡ ಆರ್ಡರ್ ಒಪ್ಪಿಕೊಳ್ಳುತ್ತೀರಿ. ಹಾಗಾಗಿ ಲೆಕ್ಕದಲ್ಲಿ ಅದಕ್ಕೊಂದು ಬೇರೆ ಗೋಡೌನ್ ಮಾಡಿ, 'ಇಟ್ಟದ್ದು' ಎಂದೇ ಹೆಸರಿಡಿ. ರೇಟು ಒಪ್ಪಿದ ದಿನ ಖರೀದಿ ಬರೆದು ಈಚೆಗೆ ತನ್ನಿ. ತಂದ ದಿನದ ತೂಕದ ಚೀಟಿಯ ನಂಬರ್ ಅದರ ಜೊತೆ ಇರಲಿ. ನಿಮ್ಮನ್ನು ನಂಬಿ ರಶೀದಿ ಕೂಡ ಕೇಳದೆ ಇಟ್ಟು ಹೋದವರ ಸರಕು ಅದು.

ಹೆಸರಿನ ವಿಷಯದಲ್ಲೂ ಜಾಗ್ರತೆ ಬೇಕು. ನಮ್ಮ ಕಾಸರಗೋಡಿನಲ್ಲಿ ಒಂದೇ ಅಂಗಡಿಯಲ್ಲಿ ಒಬ್ಬ ಕನ್ನಡದಲ್ಲಿ ಬರೆದರೆ ಇನ್ನೊಬ್ಬ ಮಲಯಾಳದಲ್ಲಿ, ಕಂಪ್ಯೂಟರಿನ ಹುಡುಗಿ ಇಂಗ್ಲಿಷಿನಲ್ಲಿ. ಮಹಮ್ಮದ್, ಮೊಹಮ್ಮದ್, ಮುಹಮ್ಮದ್ ಮೂರೂ ಒಬ್ಬರೇ ಇರಬಹುದು. ಕೃಷ್ಣ ಭಟ್ಟರು ಮಾತ್ರ ಒಂದೇ ಊರಿನಲ್ಲಿ ಐದು ಜನ ಇರಬಹುದು. ನಾನು ಲೆಕ್ಕ ಸರಿಮಾಡಲು ಹೋದ ಒಂದು ಅಂಗಡಿಯಲ್ಲಿ ಒಬ್ಬ ಕೃಷಿಕರಿಗೆ ಮೂರು ಖಾತೆ ಇತ್ತು. ಅಡ್ವಾನ್ಸ್ ಒಂದರಲ್ಲಿ, ಅಡಿಕೆ ಇನ್ನೊಂದರಲ್ಲಿ. ಅವರು ಸಾಲಗಾರರು ಎಂದು ಕಂಪ್ಯೂಟರ್ ತೋರಿಸುತ್ತಿತ್ತು. ನಿಜಕ್ಕೂ ಅಂಗಡಿಯೇ ಅವರಿಗೆ ಕೊಡಬೇಕಿತ್ತು. ಪಾಪ, ಅವರು ಮೂರು ಸಲ ಬಂದು ಹೋಗಿದ್ದರು. ಅದಕ್ಕೇ ಹೇಳುವುದು, ಒಬ್ಬರಿಗೆ ಒಂದೇ ನಂಬರ್ ಕೊಡಿ. ಹೆಸರು, ಮನೆ ಹೆಸರು, ಊರು, ಫೋನು ಎಲ್ಲ ಅದರ ಕೆಳಗೆ ಬರಲಿ. ಫೋನ್ ನಂಬರನ್ನೇ ಗುರುತಾಗಿ ಇಡಬೇಡಿ, ಒಂದೇ ಫೋನಿನಲ್ಲಿ ಅಪ್ಪ, ಮಗ ಇಬ್ಬರೂ ಇರುತ್ತಾರೆ. ಸರಕಿಗೂ ಹಾಗೆಯೇ. ಹೊಸ ಚಾಲಿ, ಹಳೆ ಚಾಲಿ, ಪಟೋರ ಎಂದು ನೀವು ಬಾಯಲ್ಲಿ ಹೇಳುವ ಹೆಸರನ್ನೇ ಇಡಿ. ಸಾಫ್ಟ್‌ವೇರಿನವರು ಬರೆದುಕೊಟ್ಟ ಇಂಗ್ಲಿಷ್ ಕೋಡ್ ಗೋಡೌನಿನ ಹುಡುಗರಿಗೆ ಹೊಂದುವುದಿಲ್ಲ. ಈ ಎರಡು ಪಟ್ಟಿ ಮಾಡಲು ಒಂದು ತಿಂಗಳು ಬೇಕಾದೀತು. ನಿಮ್ಮ ಮಗ ಮತ್ತು ಗೋಡೌನಿನ ಹಳೆಯ ರೈಟರ್ ಒಟ್ಟಿಗೆ ಕೂತು ಮಾಡಲಿ.

ಗಡಿಯ ಸಂಗತಿ ನಿಮಗೆ ವಿಶೇಷ. ಪೆರ್ಲ ಕಳೆದು ಸಾರಡ್ಕಕ್ಕೆ ಬಂದರೆ ರಾಜ್ಯ ಬೇರೆ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ಕೇರಳಕ್ಕೆ 32, ಕರ್ನಾಟಕಕ್ಕೆ 29. ಮಾಲೀಕರು ನೀವೊಬ್ಬರೇ ಆದರೂ ಕಾನೂನಿನ ಕಣ್ಣಿಗೆ ಬದಿಯಡ್ಕ, ಪುತ್ತೂರು ಎರಡೂ ಬೇರೆ ಬೇರೆ ವ್ಯಕ್ತಿಗಳು. ನಿಮ್ಮದೇ ಗೋಡೌನಿಗೆ ನಿಮ್ಮದೇ ಅಡಿಕೆ ಕಳಿಸಿದರೂ ಬಿಲ್ಲು ಮಾಡಬೇಕು, ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನ ತೆರಿಗೆಯಾದ ಐಜಿಎಸ್‌ಟಿ ಹಾಕಬೇಕು. ಒಣ ಅಡಿಕೆಗೆ ಅದು 5 ಶೇಕಡಾ. ಆ ತೆರಿಗೆ ಪುತ್ತೂರಿನ ನಂಬರಿನಲ್ಲಿ ಕ್ರೆಡಿಟ್ ಆಗಿ ವಾಪಸು ಸಿಗುತ್ತದೆ, ಆದರೆ ಎರಡೂ ಕಡೆ ಬರೆದಿದ್ದರೆ ಮಾತ್ರ. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಚೀಟಿ, ಬೇಕು. ಈಗಿನ ರೇಟಿನಲ್ಲಿ ಎರಡು ಕ್ವಿಂಟಲ್ ತುಂಬಿದರೆ ದಾಟಿಯೇ ಬಿಡುತ್ತದೆ. ಒಂದೇ ರಾಜ್ಯದೊಳಗೆ ವ್ಯಾಪಾರ ಮಾಡುವವರಿಗೆಂದು ಮಾಡಿದ ಸಾಫ್ಟ್‌ವೇರಿನಲ್ಲಿ ಗೋಡೌನ್ ವರ್ಗಾವಣೆ ಎಂದರೆ ಬರೀ ಒಂದು ಚೀಟಿ, ತೆರಿಗೆಯೇ ಇಲ್ಲ. ಬಂದವರ ಹತ್ತಿರ ಮೊದಲು ಇದನ್ನೇ ಮಾಡಿ ತೋರಿಸಿ ಎನ್ನಿ.

ಮೂರೂ ಒಟ್ಟಿಗೆ ಬೇಡ ಎಂದದ್ದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದ ಹರ್ಷೀಸ್ ಚಾಕಲೇಟ್ ಕಂಪನಿ 1999ರಲ್ಲಿ ಇಆರ್‌ಪಿಗೆ ಸ್ಯಾಪ್, ಗಿರಾಕಿಗಳ ಲೆಕ್ಕಕ್ಕೆ ಸೀಬೆಲ್, ಸರಬರಾಜಿಗೆ ಮನುಜಿಸ್ಟಿಕ್ಸ್ ಹಾಕಿಸಿತು. 11 ಕೋಟಿ ಡಾಲರಿಗೂ ಜಾಸ್ತಿ ಖರ್ಚು. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿದರು. ಏಪ್ರಿಲಿಗೆ ಆಗಬೇಕಿದ್ದದ್ದು ಜುಲೈಗೆ ಜಾರಿತು. ಜುಲೈ ಎಂದರೆ ಅಲ್ಲಿ ಅಕ್ಟೋಬರ್ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳವರು ಆರ್ಡರ್ ಕೊಡುವ ಹೊತ್ತು. ಗೋಡೌನಿನಲ್ಲಿ ಚಾಕಲೇಟ್ ಇತ್ತು, ಆದರೆ ಸುಮಾರು 10 ಕೋಟಿ ಡಾಲರಿನ ಆರ್ಡರ್ ಸಮಯಕ್ಕೆ ತಲುಪಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾದರೆ ನಮಗೆ ಆತುರ ಯಾಕೆ, ಅಲ್ವಾ?

ನಿಮ್ಮ ಹ್ಯಾಲೋವೀನ್ ಎಂದರೆ ಹೊಸ ಚಾಲಿ ಬರುವ ತಿಂಗಳುಗಳು. ಆಗ ಏನನ್ನೂ ಬದಲಿಸಬೇಡಿ. ಆಟಿ ತಿಂಗಳಲ್ಲಿ ಮಳೆ ಸುರಿಯುವಾಗ ಅಂಗಡಿಯಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಒಂದು ದಿನ ಬಾಗಿಲು ಹಾಕಿ ಎಲ್ಲ ಗೋಣಿ ತೂಗಿಸಿ, ಆ ತೂಕದಿಂದ ಶುರು ಮಾಡಿ. ಒಂದು ತಿಂಗಳು ಪುಸ್ತಕವೂ ಇರಲಿ, ಕಂಪ್ಯೂಟರೂ ಇರಲಿ. ಸಂಜೆ ಎರಡೂ ತಾಳೆಯಾಗಬೇಕು. ತಾಳೆಯಾಗದ ದಿನ ಯಾಕೆ ಎಂದು ಹುಡುಕಿ, ಸುಮ್ನೆ ಅಂಕಿ ತಿದ್ದಿ ಮುಚ್ಚಬೇಡಿ. ಹಣದ ಲೆಕ್ಕವನ್ನು ಏಪ್ರಿಲ್ 1ರಿಂದ ಸೇರಿಸಿದರೆ ಸಾಕು.

ಮಾರಲು ಬರುವವರ ಡೆಮೋ ನೋಡಿ ತೀರ್ಮಾನಿಸಬೇಡಿ. ಅವರ ಡೆಮೋದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ನಿಮ್ಮ ಅಂಗಡಿಯ ಒಂದು ಬಿಡುವಿಲ್ಲದ ದಿನದ ಚೀಟಿಗಳನ್ನು ಅವರ ಕೈಗೆ ಕೊಡಿ. ಗಾರ್ಬಲ್, ಇಟ್ಟ ಅಡಿಕೆ, ಪುತ್ತೂರಿಗೆ ಹೋದ ಲಾರಿ, ಒಂದು ವಾಪಸಾತಿ ಎಲ್ಲ ಇರಲಿ. ನಿಮ್ಮ ಎದುರೇ ಬರೆದು ತೋರಿಸಲಿ. ಕೊನೆಗೆ ಒಂದು ಪ್ರಶ್ನೆ ಕೇಳಿ: ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ಸಿಗುತ್ತದಾ? ಉತ್ತರ ಬರವಣಿಗೆಯಲ್ಲಿ ಬೇಕು.

ಪ್ರಶ್ನೆ: ಉಪ್ಪಳದಲ್ಲಿ ಹಾರ್ಡ್‌ವೇರ್ ಅಂಗಡಿ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಹೋಗುತ್ತವೆ. ಕ್ಲೌಡ್ ಸಾಫ್ಟ್‌ವೇರ್ ತೆಗೆದುಕೊಂಡರೆ ಗಿರಾಕಿಗಳನ್ನು ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಕಿಲ್ಲ. ನೆಟ್ ಇಲ್ಲದಾಗಲೂ ಬಿಲ್ಲು ಮಾಡಿ, ಬಂದ ಮೇಲೆ ತಾನೇ ಕಳಿಸುವ ಸಾಫ್ಟ್‌ವೇರ್ ಇವೆ. ಅಂಥದ್ದನ್ನೇ ಆರಿಸಿ. ಕಂಪ್ಯೂಟರಿಗೆ ಯುಪಿಎಸ್ ಹಾಕಿದವರು ರೌಟರನ್ನು ಮರೆಯುತ್ತಾರೆ, ಅದಕ್ಕೂ ಬೇಕು. ಬೇರೆ ಕಂಪನಿಯ ಸಿಮ್ ಒಂದು ಕೈಯಲ್ಲಿರಲಿ.

ಅದೂ ಇಲ್ಲವಾದರೆ ಕೈಬಿಲ್ಲಿನ ಪುಸ್ತಕ. ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರಿಗೆ ಒಂದಕ್ಕಿಂತ ಜಾಸ್ತಿ ಸರಣಿ ಇಡಬಹುದು. ಪ್ರತಿ ಸರಣಿಯೂ ಕ್ರಮವಾಗಿ ಹೋಗಬೇಕು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು, 16 ಅಕ್ಷರ ಮೀರಬಾರದು. ಕೈಬಿಲ್ಲಿಗೆ ಬೇರೆ ಅಕ್ಷರದಿಂದ ಶುರುವಾಗುವ ಸರಣಿ ಮಾಡಿ, ಕರೆಂಟು ಬಂದ ದಿನವೇ ಕಂಪ್ಯೂಟರಿಗೆ ಏರಿಸಿ. ನಾಳೆಗೆ ಬಿಟ್ಟರೆ ಸ್ಟಾಕ್ ಸುಳ್ಳು ಹೇಳಲು ಶುರುಮಾಡುತ್ತದೆ.

ಪ್ರಶ್ನೆ: ಪೆರ್ಲದ ಹತ್ತಿರ ನಾವು ಎಂಟು ಜನ ಕುಟುಂಬಶ್ರೀ ಮಹಿಳಾ ಸಂಘದವರು ಹಲಸಿನ ಹಪ್ಪಳ, ಉಪ್ಪಿನಕಾಯಿ ಮಾಡುತ್ತೇವೆ. ಬೆಂಗಳೂರಿನವರೂ ಫೋನ್ ಮಾಡಿ ತರಿಸುತ್ತಾರೆ. ಯಾರಿಗೆ ಕಳಿಸಿದ್ದೇವೆ, ಯಾರು ಹಣ ಕೊಟ್ಟಿಲ್ಲ ಎಂಬುದು ಮರೆತುಹೋಗುತ್ತದೆ. ಸಿಆರ್‌ಎಂ ಬೇಕಾ?

ಉತ್ತರ: ಅಕ್ಕಂದಿರೇ, ಈಗ ಬೇಡ. ಮೊಬೈಲಿನಲ್ಲೇ ಎಂಟೂ ಜನ ನೋಡಬಹುದಾದ ಒಂದು ಶೀಟ್ ಸಾಕು. ಗಿರಾಕಿಯ ಹೆಸರು, ಫೋನು, ವಿಳಾಸ, ಕಳಿಸಿದ ತಾರೀಕು, ಹಣ ಬಂತಾ, ಏನು ಹೇಳಿದರು. ಕೊನೆಯ ಕಾಲಮ್ಮು ಎಲ್ಲಕ್ಕಿಂತ ಮುಖ್ಯ. 'ಖಾರ ಜಾಸ್ತಿ ಆಯಿತು' ಎಂದವರಿಗೆ ಮುಂದಿನ ಸಲ ಖಾರ ಕಡಿಮೆ ಹಾಕಿ ಕಳಿಸಿದರೆ ಅವರು ನಿಮ್ಮನ್ನು ಬಿಡುವುದಿಲ್ಲ. ಇದೇ ಸಿಆರ್‌ಎಂ. ಇದರ ಜೊತೆ ಯಾವ ದಿನ ಮಾಡಿದ ಹಪ್ಪಳ ಎಂಬ ಬ್ಯಾಚ್ ನಂಬರನ್ನೂ ಬರೆಯಿರಿ. ಒಂದು ಕಟ್ಟಿಗೆ ಬೂಷ್ಟು ಬಂದರೆ ಅದೇ ದಿನದ್ದು ಇನ್ನು ಯಾರ್‍ಯಾರಿಗೆ ಹೋಗಿದೆ ಎಂದು ನೋಡಿ, ಅವರು ಕರೆಯುವ ಮೊದಲೇ ನೀವೇ ಫೋನ್ ಮಾಡಬಹುದು.

ಎಂಟು ಜನರ ಫೋನಿನಲ್ಲೂ ಗಿರಾಕಿಗಳ ನಂಬರ್ ಇರುತ್ತದೆ, ಅದನ್ನು ಹೊರಗಿನವರಿಗೆ ಕೊಡಬೇಡಿ. ತಿಂಗಳಿಗೆ ಆರ್ಡರ್ ಎಷ್ಟಾಯಿತು ಎಂದು ಬರೆದಿಡಿ. ಶೀಟಿನಲ್ಲಿ ಹುಡುಕುವುದೇ ಅರ್ಧ ದಿನದ ಕೆಲಸವಾದಾಗ ಮತ್ತೆ ಪತ್ರ ಬರೆಯಿರಿ, ಆಗ ಯಾವುದು ತೆಗೆದುಕೊಳ್ಳುವುದು ಎಂದು ನಿಮ್ಮ ಶೀಟ್ ನೋಡಿಯೇ ಹೇಳುತ್ತೇನೆ.