ಎರಡು ಸೋಲಾರ್ ಪ್ಯಾನೆಲ್ ಸೇರಿ 99 ವೋಲ್ಟ್, ಕಂಟ್ರೋಲರ್ 100 ವೋಲ್ಟ್: ಸೀರೀಸ್ ಮಾಡಬಹುದಾ?

ಬೇಡ, ಸೀರೀಸ್ (ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್, ವೋಲ್ಟ್ ಕೂಡುತ್ತೆ) ಮಾಡಿಸಬೇಡಿ. ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್; ವೋಲ್ಟ್ ಅಷ್ಟೇ ಇದ್ದು ಆಂಪ್ ಕೂಡುತ್ತೆ) ಮಾಡಿಸಿ.

ನೀವು ಬರೆದಿರೋದು ಇಷ್ಟು: ಹೊಸನಗರದ ಹತ್ತಿರ ತೋಟದ ಮನೆ, 540 ವ್ಯಾಟಿನ ಎರಡು ಪ್ಯಾನೆಲ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ಸೇರಿ 24 ವೋಲ್ಟ್, 100 ವೋಲ್ಟ್ 30 ಆಂಪ್‌ನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್ಲಿನ ವೋಲ್ಟ್ ಇಳಿಸಿ ಬ್ಯಾಟರಿ ಚಾರ್ಜ್ ಮಾಡೋ ಪೆಟ್ಟಿಗೆ; 100 ಅನ್ನೋದು ಅದು ತಡೆಯೋ ಪ್ಯಾನೆಲ್ ವೋಲ್ಟ್, 30 ಅನ್ನೋದು ಬ್ಯಾಟರಿಗೆ ಕೊಡೋ ಆಂಪ್). ಒಂದೊಂದು ಪ್ಯಾನೆಲ್ಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಯಾವುದಕ್ಕೂ ಜೋಡಿಸದೆ ಇರುವಾಗಿನ ವೋಲ್ಟೇಜ್) 49.5, ಎರಡು ಸೇರಿದರೆ 99, ನೂರರೊಳಗೇ ಇದೆಯಲ್ಲ ಅಂತ ನಿಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಕೂಡಿಸಿದ್ದು ಸರಿ. ಆದರೆ ಲೇಬಲ್ಲಿನ ಆ 49.5 ಅನ್ನೋದು ಸೆಲ್ 25 ಡಿಗ್ರಿ ಬಿಸಿ ಇದ್ದಾಗಿನ ಲೆಕ್ಕ. ಚಳಿಗೆ ವೋಲ್ಟೇಜ್ ಏರುತ್ತೆ. ಈಗಿನ ಮೋನೋ ಪ್ಯಾನೆಲ್‌ಗಳಲ್ಲಿ ಒಂದು ಡಿಗ್ರಿ ಇಳಿದರೆ ಹೆಚ್ಚುಕಡಿಮೆ ಶೇಕಡ 0.27ರಷ್ಟು. 10 ಡಿಗ್ರಿಯ ಬೆಳಗ್ಗೆ ನಿಮ್ಮ 99 ಹೋಗಿ 103 ಆಗುತ್ತೆ.

ನನಗೆ ಇದು ಗೊತ್ತಾಗಿದ್ದು ಒಂದು ಕಂಟ್ರೋಲರ್ ಕಳಕೊಂಡ ಮೇಲೆ. ನಮ್ಮದು ತೀರ್ಥಹಳ್ಳಿ ಕಡೆ. 24.8 ವೋಲ್ಟಿನ ಮೂರು ಚಿಕ್ಕ ಪ್ಯಾನೆಲ್ ಸೀರೀಸ್, ಒಟ್ಟು 74.4, ಕಂಟ್ರೋಲರಿನ ಮಿತಿ 75. ಬೇಸಿಗೆ ಕಳೀತು, ಮಳೆಗಾಲ ಕಳೀತು, ಏನೂ ಆಗಲಿಲ್ಲ. ಸಂಕ್ರಾಂತಿ ಹತ್ತಿರ ಒಂದು ಬೆಳಗ್ಗೆ ಎದ್ದು ನೋಡಿದರೆ ಡಿಸ್‌ಪ್ಲೇ ಕಪ್ಪಾಗಿತ್ತು, ಮುಚ್ಚಳ ತೆಗೆದಾಗ ಸುಟ್ಟ ವಾಸನೆ. ಮಾರನೇ ದಿನ ಏಳೂವರೆಗೆ, ಪ್ಯಾನೆಲ್ ಮೇಲೆ ಇಬ್ಬನಿ ಇನ್ನೂ ಇಳೀತಿರುವಾಗ, ವೈರಿನ ತುದಿಗೆ ಮಲ್ಟಿಮೀಟರ್ ಹಿಡಿದೆ. 77.2. ಬಿಸಿಲು ಅಡಿಕೆ ಮರದ ತಲೆ ದಾಟಿ ಆಗಷ್ಟೇ ಬಿದ್ದಿತ್ತು. ಎಳೆಬಿಸಿಲಿಗೆ ಆಂಪ್ ಬರಲ್ಲ, ವೋಲ್ಟ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ಬರುತ್ತೆ. ಕಂಟ್ರೋಲರಿಗೆ ಅಪಾಯ ಇರೋದು ನಡುಮಧ್ಯಾಹ್ನ ಅಲ್ಲ, ಆ ಹೊತ್ತಿನಲ್ಲಿ.

ನಿಮಗೆ ಸೀರೀಸ್ ಬೇಕಾಗಿಯೂ ಇಲ್ಲ. ಎಂಪಿಪಿಟಿಗೆ ಬ್ಯಾಟರಿಗಿಂತ ನಾಲ್ಕೈದು ವೋಲ್ಟ್ ಮೇಲಿದ್ದರೆ ಸಾಕು. ನಿಮ್ಮ ಬ್ಯಾಟರಿ ತುಂಬುವಾಗ 29 ವೋಲ್ಟ್ ಹತ್ತಿರ ಹೋಗುತ್ತೆ. 540ರ ಪ್ಯಾನೆಲ್ ಕೆಲಸ ಮಾಡೋದು ಸುಮಾರು 41 ವೋಲ್ಟಿನಲ್ಲಿ. ಏಪ್ರಿಲ್ ಬಿಸಿಲಿಗೆ ಸೆಲ್ 65 ಡಿಗ್ರಿ ಕಾದು ವೋಲ್ಟೇಜ್ ಕುಸಿದರೂ 35ಕ್ಕೆ ನಿಲ್ಲುತ್ತೆ. ಹಳೇ 60 ಸೆಲ್ಲಿನ ಪ್ಯಾನೆಲ್ ಆಗಿದ್ದರೆ ನಾನು ಹೀಗೆ ಹೇಳ್ತಿರಲಿಲ್ಲ. ಅದರ 31 ವೋಲ್ಟ್ ಕಾದ ಮೇಲೆ 27ಕ್ಕೆ ಇಳಿದು, 24 ವೋಲ್ಟಿನ ಬ್ಯಾಟರಿ ಎಂದೂ ಪೂರ್ತಿ ತುಂಬೋದಿಲ್ಲ.

ತೋಟದ ಮನೆಗೆ ಪ್ಯಾರಲಲ್ಲಿನ ಇನ್ನೊಂದು ಲಾಭ ನೆರಳಿನದು. ಒಂದು ಪ್ಯಾನೆಲ್ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೂ ಇನ್ನೊಂದು ತನ್ನ ಪಾಡಿಗೆ ಕೊಡ್ತಾ ಇರುತ್ತೆ.

ಇದಕ್ಕೆ ಖರ್ಚು ಬರೋದು ವೈರಿನಲ್ಲಿ. ಪ್ಯಾರಲಲ್ ಮಾಡಿದಾಗ 26 ಆಂಪ್ ಹರಿಯುತ್ತೆ. ಮಾಡಿನಿಂದ ಕಂಟ್ರೋಲರಿಗೆ 15 ಮೀಟರ್ ಇದ್ದರೆ 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ಲಿನಲ್ಲಿ ಎರಡೂವರೆ ವೋಲ್ಟ್ ಹತ್ತಿರ ದಾರಿಯಲ್ಲೇ ಹೋಗುತ್ತೆ. 10 ಸ್ಕ್ವೇರ್ ಎಂಎಂ ಹಾಕಿಸಿ, ಅಲ್ಲಿ ಉಳಿಸಬೇಡಿ. ಕಂಟ್ರೋಲರಿನ ಶಾರ್ಟ್ ಸರ್ಕ್ಯೂಟ್ ಕರೆಂಟಿನ (ಪ್ಯಾನೆಲ್ಲಿನ ಪ್ಲಸ್ ಮೈನಸ್ ನೇರ ಮುಟ್ಟಿದರೆ ಹರಿಯೋ ಕರೆಂಟಿನ) ಮಿತಿಯನ್ನೂ ಒಮ್ಮೆ ನೋಡಿ, ನಿಮ್ಮ ಎರಡು ಪ್ಯಾನೆಲ್ ಸೇರಿ 28 ಆಂಪ್ ಆಗುತ್ತೆ.

1080 ವ್ಯಾಟಿಗೆ 30 ಆಂಪ್ ಕಂಟ್ರೋಲರ್ ಚಿಕ್ಕದಾಯ್ತಾ ಅಂತಲೂ ಕೇಳಿದ್ದೀರಿ. ಚಿಂತೆ ಬೇಡ. ಔಟ್‌ಪುಟ್ ಮಿತಿಗಿಂತ ಹೆಚ್ಚು ವ್ಯಾಟ್ ಬಂದರೆ ಒಳ್ಳೆಯ ಎಂಪಿಪಿಟಿ ಹೆಚ್ಚಾದದ್ದನ್ನ ತಗೊಳ್ಳೋದೇ ಇಲ್ಲ; ಆದರೆ ವೋಲ್ಟ್ ಮೀರಿದರೆ ಸುಡುತ್ತೆ. ಜುಲೈನಲ್ಲಿ ನಮ್ಮ ಕಡೆ ಮೋಡ ಕವಿದು ಪ್ಯಾನೆಲ್ ಹತ್ತನೇ ಒಂದು ಪಾಲು ಕೊಡುವ ದಿನಗಳಿಗೆ ಆ ಹೆಚ್ಚಿನ ವ್ಯಾಟ್ ಬೇಕೇ ಬೇಕು. ಆದರೆ 150 ಎಎಚ್ ಬ್ಯಾಟರಿಗೆ 30 ಆಂಪ್ ಜಾಸ್ತಿ, ಸೆಟ್ಟಿಂಗಿನಲ್ಲಿ ಚಾರ್ಜಿಂಗ್ ಕರೆಂಟನ್ನ 20ಕ್ಕೆ ಇಡಿ.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಪ್ಯಾರಲಲ್ ಮಾಡಿ ಆದ ಮೇಲೆ, ಕಂಟ್ರೋಲರಿಗೆ ಸಿಕ್ಕಿಸೋ ಮುಂಚೆ, ಮೀಟರಿನಲ್ಲಿ 50ರ ಆಸುಪಾಸು ತೋರಿಸ್ತಿದೆಯಾ ನೋಡಿ. 100ರ ಹತ್ತಿರ ತೋರಿಸಿದರೆ ಎಲೆಕ್ಟ್ರಿಷಿಯನ್ ಇನ್ನೂ ಸೀರೀಸ್‌ನಲ್ಲೇ ಬಿಟ್ಟಿದ್ದಾರೆ ಅಂತ ಅರ್ಥ, ಸಿಕ್ಕಿಸಬೇಡಿ.