ವಾಟ್ ಎಂಜಿನ್ ತಡವಾಗಿದ್ದು ಸಿಲಿಂಡರ್‌ನಿಂದ

1769ರಲ್ಲೇ ಪೇಟೆಂಟ್ ಸಿಕ್ಕರೂ ಜೇಮ್ಸ್ ವಾಟ್‌ನ ಉಗಿ ಎಂಜಿನ್ ಕೆಲಸಕ್ಕಿಳಿಯಲು 1776 ಯಾಕಾಯ್ತು ಅಂತ ಕೇಳಿದ್ದೀರಿ. ಹಣದ ತೊಂದರೆಯೂ ಇತ್ತು, ಆದರೆ ದೊಡ್ಡ ಅಡ್ಡಿ ಸಿಲಿಂಡರ್‌ನದು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯದು.

ಅದಕ್ಕೂ ಹಿಂದಿನ ನ್ಯೂಕೊಮೆನ್ ಉಗಿ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ನೀರು ನಿಲ್ಲಿಸಿ ಸಿಲಿಂಡರ್ ಜೊತೆಗಿನ ಸಂದು ಮುಚ್ಚುತ್ತಿದ್ದರು. ವಾಟ್‌ನ ಉಪಾಯವೆಂದರೆ ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವುದು; ಸಿಲಿಂಡರ್ ಮಾತ್ರ ಸದಾ ಬಿಸಿಯಾಗಿರಬೇಕು. ನೀರು ಬಿಟ್ಟರೆ ತಣ್ಣಗಾಗಿ ಇಡೀ ಉಪಾಯವೇ ಕೆಡುತ್ತದೆ. ಹಾಗಾಗಿ ಒಳಮೈ ನಿಜಕ್ಕೂ ದುಂಡಗಿರಲೇಬೇಕಿತ್ತು. ಆಗಿನ ಕೊರೆಯುವ ಯಂತ್ರದಲ್ಲಿ ಅಲಗು ಹೊತ್ತ ದಂಡಕ್ಕೆ ಗಟ್ಟಿ ಆಸರೆ ಒಂದೇ ಕಡೆ. ಇನ್ನೊಂದು ತುದಿ ಭಾರಕ್ಕೆ ಜೋತು, ಎರಕದ ಡೊಂಕನ್ನೇ ಅನುಸರಿಸುತ್ತಿತ್ತು. ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ ದಂಡವನ್ನು ಸಿಲಿಂಡರ್‌ನ ಆಚೆಗೂ ತೂರಿಸಿ ಎರಡೂ ತುದಿಗೆ ಬೇರಿಂಗ್ ಕೊಟ್ಟ. ಅಲಗು ಆ ದಂಡದುದ್ದಕ್ಕೂ ಸರಿಯುತ್ತ ಕೊರೆಯಿತು. ಹೀಗೆ ಕೊರೆದು ಇಂಗ್ಲೆಂಡಿನ ಟಿಪ್ಟನ್‌ನಲ್ಲಿ ನಿಲ್ಲಿಸಿದ 50 ಇಂಚು ವ್ಯಾಸದ ಸಿಲಿಂಡರ್‌ನಲ್ಲಿ ಎಲ್ಲೂ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವಾಟ್‌ನ ಪಾಲುದಾರ ಬೋಲ್ಟನ್ ಮೆಚ್ಚಿ ಬರೆದ.

ಅಂದಹಾಗೆ, ವಿಲ್ಕಿನ್ಸನ್‌ನ 1774ರ ಪೇಟೆಂಟ್ ಫಿರಂಗಿ ಕೊರೆಯುವುದಕ್ಕೆ. ಈ ಸಿಲಿಂಡರ್ ಯಂತ್ರ ಅದಲ್ಲ, ದಯವಿಟ್ಟು ಎರಡನ್ನೂ ಬೆರೆಸಬೇಡಿ.